ಹೆಸರಿನ ಅಕ್ಷರ ಮತ್ತು ಯಂತ್ರದ ನಿಯಮ: ಬದಲಾಗುವ ದತ್ತಾಂಶದ ಮುದ್ರಣದಲ್ಲಿ ದೊಡ್ಡಕ್ಷರ–ಸಣ್ಣಕ್ಷರಗಳ ಪರಿವರ್ತನೆ

ಒಂದೇ ವಿನ್ಯಾಸದ ಸಾವಿರಾರು ಪ್ರತಿಗಳನ್ನು ಅಚ್ಚು ಹಾಕುವಾಗ ಪ್ರತಿಯೊಂದರಲ್ಲಿಯೂ ಹೆಸರು, ವಿಳಾಸ, ಕ್ರಮಸಂಖ್ಯೆ ಮೊದಲಾದ ಕೆಲವು ಅಂಶಗಳು ಮಾತ್ರ ಬೇರೆಯಾಗಿರುವಂತೆ ಮುದ್ರಿಸುವ ವಿಧಾನವನ್ನು ಮುದ್ರಣೋದ್ಯಮದಲ್ಲಿ 'ವೇರಿಯಬಲ್ ಡೇಟಾ ಪ್ರಿಂಟಿಂಗ್' ಎಂದು ಕರೆಯುತ್ತಾರೆ. ಬದಲಾಗುವ ದತ್ತಾಂಶದ ಮುದ್ರಣ ಎಂದು ಇದನ್ನು ಕನ್ನಡಿಸಬಹುದು. ಪ್ರಶಸ್ತಿಪತ್ರ, ಅಂಕಪಟ್ಟಿ, ಗುರುತಿನ ಚೀಟಿ, ಗ್ರಂಥಾಲಯದ ಸದಸ್ಯತ್ವ ಕಾರ್ಡು, ಅಂಚೆಯ ವಿಳಾಸದ ಚೀಟಿ ಮುಂತಾದವು ಇಂದು ಬಹುಮಟ್ಟಿಗೆ ಈ ವಿಧಾನದಿಂದಲೇ ಸಿದ್ಧವಾಗುತ್ತವೆ. ಹಿಂದೆ ಪ್ರಶಸ್ತಿಪತ್ರದಲ್ಲಿ ಹೆಸರಿನ ಜಾಗಕ್ಕೆ ಒಂದು ಗೆರೆ ಬಿಟ್ಟು ಅಚ್ಚು ಹಾಕಿಸಿ, ಕಚೇರಿಯಲ್ಲಿ ದುಂಡಗಿನ ಕೈಬರಹವುಳ್ಳವರಿಂದ ಹೆಸರು ಬರೆಸುವ ಪದ್ಧತಿಯಿತ್ತು. 1993ರಲ್ಲಿ ಇಂಡಿಗೊ ಮತ್ತು ಝೈಕಾನ್ ಸಂಸ್ಥೆಗಳು ಬಣ್ಣದ ಡಿಜಿಟಲ್ ಮುದ್ರಣಯಂತ್ರಗಳನ್ನು ಹೊರತಂದ ಮೇಲೆ, ಪ್ಲೇಟಿನ ಅಗತ್ಯವಿಲ್ಲದೆ ಹಾಳೆಯಿಂದ ಹಾಳೆಗೆ ಪಠ್ಯವನ್ನು ಬದಲಿಸುತ್ತ ಮುದ್ರಿಸುವ ಕೆಲಸ ವ್ಯಾಪಾರದ ಮಟ್ಟದಲ್ಲಿ ಸುಲಭವಾಯಿತು. ಗೆರೆಯ ಮೇಲೆ ಹೆಸರು ಬರೆಯುತ್ತಿದ್ದ ಗುಮಾಸ್ತರು ಆ ಹೆಸರನ್ನು ಓದುತ್ತಿದ್ದರು, ಸಂದೇಹ ಬಂದಲ್ಲಿ ಪಕ್ಕದವರನ್ನು ಕೇಳುತ್ತಿದ್ದರು. ಈಗ ಹೆಸರು ಕೋಷ್ಟಕದ ಒಂದು ಕಂಬಸಾಲಿನಿಂದ ನೇರವಾಗಿ ಹಾಳೆಗೆ ಹೋಗುತ್ತದೆ. ನಡುವೆ ಅದನ್ನು ತಿದ್ದುವ ಅಧಿಕಾರವಿರುವುದು ತಂತ್ರಾಂಶದ ನಿಯಮಕ್ಕೆ ಮಾತ್ರ.

ಈ ನಿಯಮಗಳಲ್ಲಿ ಅತ್ಯಂತ ಸಾಮಾನ್ಯವಾದುದು ಅಕ್ಷರರೂಪದ ಪರಿವರ್ತನೆ. ಇಂಗ್ಲಿಷ್ ಪಠ್ಯವನ್ನು ಪೂರ್ತಿ ದೊಡ್ಡಕ್ಷರಗಳಿಗೆ ಅಥವಾ ಪೂರ್ತಿ ಸಣ್ಣಕ್ಷರಗಳಿಗೆ ಬದಲಿಸುವುದು, ಇಲ್ಲವೆ ಪ್ರತಿ ಪದದ ಮೊದಲ ಅಕ್ಷರವನ್ನು ಮಾತ್ರ ದೊಡ್ಡದಾಗಿಸಿ ಉಳಿದುವನ್ನು ಸಣ್ಣದಾಗಿಸುವುದು ಇದರ ಮುಖ್ಯ ಪ್ರಕಾರಗಳು. ವರ್ಡ್ ತಂತ್ರಾಂಶದ ಮೇಲ್ ಮರ್ಜ್ ಸೌಲಭ್ಯದಲ್ಲಿ ಇದಕ್ಕೆಂದೇ ಸೂಚನಾಚಿಹ್ನೆಗಳಿವೆ. ಎಕ್ಸೆಲ್‌ನಲ್ಲಿ 'ಅಪ್ಪರ್', 'ಲೋವರ್', 'ಪ್ರಾಪರ್' ಎಂಬ ಮೂರು ಸೂತ್ರಗಳಿವೆ. ಮುದ್ರಣಾಲಯಗಳು ಬಳಸುವ ವಿಶೇಷ ತಂತ್ರಾಂಶಗಳಲ್ಲಿ ಬಳಕೆದಾರರೇ ನಿಯಮ ಬರೆದುಕೊಳ್ಳುವ ಅವಕಾಶವಿರುತ್ತದೆ. ಪರಿವರ್ತನೆಯ ಅಗತ್ಯ ಬೀಳುವುದಕ್ಕೆ ಚಾರಿತ್ರಿಕ ಕಾರಣವುಂಟು. ಅಮೆರಿಕದಲ್ಲಿ 1963ರಲ್ಲಿ ಪ್ರಕಟವಾದ ಆಸ್ಕಿ ಸಂಕೇತವ್ಯವಸ್ಥೆಯಲ್ಲಿ ಸಣ್ಣಕ್ಷರಗಳೇ ಇರಲಿಲ್ಲ. 1967ರ ಪರಿಷ್ಕರಣೆಯಲ್ಲಿ ಅವು ಸೇರಿದವು. ಹಳೆಯ ಗಣಕಗಳಲ್ಲಿ ದಾಖಲಾದ ಹೆಸರುಗಳೆಲ್ಲ ದೊಡ್ಡಕ್ಷರದಲ್ಲಿಯೇ ಉಳಿದುವು. ನಮ್ಮ ಅರ್ಜಿ ನಮೂನೆಗಳಲ್ಲಿ 'ಹೆಸರನ್ನು ದೊಡ್ಡಕ್ಷರಗಳಲ್ಲಿ ಬರೆಯಿರಿ' ಎಂಬ ಸೂಚನೆ ಇಂದಿಗೂ ಇದ್ದೇ ಇದೆ. ಹೀಗೆ ಸಂಗ್ರಹವಾದ ಹೆಸರನ್ನು ಪ್ರಶಸ್ತಿಪತ್ರದ ಮೇಲೆ ಹಾಗೆಯೇ ಅಚ್ಚು ಹಾಕಿದರೆ ಕೂಗಿ ಕರೆದಂತೆ ಕಾಣುತ್ತದೆಂದು ಮುದ್ರಕರು ಅದನ್ನು ಪರಿವರ್ತಿಸುತ್ತಾರೆ.

ದೊಡ್ಡದು, ಸಣ್ಣದು ಎಂಬ ಭೇದ ಎಲ್ಲ ಲಿಪಿಗಳಲ್ಲಿಯೂ ಇಲ್ಲ. ರೋಮನ್, ಗ್ರೀಕ್, ಸಿರಿಲಿಕ್, ಅರ್ಮೇನಿಯನ್ ಮುಂತಾದ ಕೆಲವೇ ಲಿಪಿಗಳಲ್ಲಿ ಇದು ಕಂಡುಬರುತ್ತದೆ. ಇಂಗ್ಲಿಷಿನಲ್ಲಿ ಈ ಭೇದಕ್ಕೆ 'ಕೇಸ್' ಎಂಬ ಹೆಸರು ಬಂದುದು ಅಚ್ಚುಮೊಳೆಗಳ ಪೆಟ್ಟಿಗೆಯಿಂದ. ಮೊಳೆ ಜೋಡಿಸುವವರ ಮುಂದೆ ಎರಡು ಪೆಟ್ಟಿಗೆಗಳನ್ನು ಒಂದರ ಮೇಲೊಂದು ಓರೆಯಾಗಿ ಇಟ್ಟಿರುತ್ತಿದ್ದರು. ಮೇಲಿನ ಪೆಟ್ಟಿಗೆಯಲ್ಲಿ ದೊಡ್ಡಕ್ಷರ, ಕೆಳಗಿನದರಲ್ಲಿ ಸಣ್ಣಕ್ಷರ. ಕನ್ನಡದ ಮೊಳೆಪೆಟ್ಟಿಗೆಯಲ್ಲಿ ಇಂಥ ವಿಭಾಗಕ್ಕೆ ಅರ್ಥವಿರಲಿಲ್ಲ. ಅಲ್ಲಿನ ಮನೆಗಳನ್ನು ತುಂಬಿದ್ದು ಗುಣಿತಾಕ್ಷರಗಳು ಮತ್ತು ಒತ್ತಕ್ಷರಗಳು. ಕನ್ನಡ ಬರವಣಿಗೆಯಲ್ಲಿ ಊರಿನ ಹೆಸರಿಗಾಗಲಿ ವ್ಯಕ್ತಿಯ ಹೆಸರಿಗಾಗಲಿ ಅಕ್ಷರದ ಗಾತ್ರದಿಂದ ವಿಶೇಷ ಮನ್ನಣೆಯಿಲ್ಲ. ದೊರೆಯ ಹೆಸರೂ ಜೀತದಾಳಿನ ಹೆಸರೂ ಒಂದೇ ಎತ್ತರದ ಅಕ್ಷರಗಳಲ್ಲಿ ನಿಲ್ಲುತ್ತವೆ.

ಆದಕಾರಣ ಅಕ್ಷರರೂಪದ ಪರಿವರ್ತನೆ ಕನ್ನಡಕ್ಕೆ ಸಂಬಂಧಿಸಿದ ವಿಷಯವಲ್ಲವೆಂದು ಮೇಲುನೋಟಕ್ಕೆ ತೋರುತ್ತದೆ. ಕನ್ನಡಿಗರ ಹೆಸರುಗಳು ಹಾದುಹೋಗುವ ದಾರಿಯನ್ನು ಗಮನಿಸಿದರೆ ಈ ಅಭಿಪ್ರಾಯ ನಿಲ್ಲುವುದಿಲ್ಲ.

ಮೊದಲು ಇಂಗ್ಲಿಷಿನಲ್ಲಿ ದಾಖಲಾಗುವ ಹೆಸರುಗಳನ್ನು ಪರಿಶೀಲಿಸಬಹುದು. ಎಕ್ಸೆಲ್‌ನ 'ಪ್ರಾಪರ್' ಸೂತ್ರದ ನಿಯಮ ಸರಳ: ಪಠ್ಯದ ಮೊದಲ ಅಕ್ಷರವನ್ನೂ, ಅಕ್ಷರವಲ್ಲದ ಯಾವುದೇ ಚಿಹ್ನೆಯ ಮುಂದೆ ಬರುವ ಅಕ್ಷರವನ್ನೂ ದೊಡ್ಡದಾಗಿಸುವುದು, ಮಿಕ್ಕುದೆಲ್ಲವನ್ನೂ ಸಣ್ಣದಾಗಿಸುವುದು. ಮಂಗಳೂರಿನ ಕ್ರೈಸ್ತ ಕುಟುಂಬಗಳ ಡಿ'ಸೋಜ, ಡಿ'ಮೆಲ್ಲೊ ಎಂಬ ಹೆಸರುಗಳು ಈ ನಿಯಮದಲ್ಲಿ ಸರಿಯಾಗಿಯೇ ಬರುತ್ತವೆ, ಏಕೆಂದರೆ ನಡುವಿನ ಚಿಹ್ನೆಯ ಮುಂದಿನ ಎಸ್, ಎಂ ಅಕ್ಷರಗಳು ದೊಡ್ಡವಾಗುತ್ತವೆ. ಆದರೆ ಅದೇ ನಿಯಮ 'ಸೇಂಟ್ ಮೇರೀಸ್' ಎಂಬ ಶಾಲೆಯ ಹೆಸರಿನ ಕೊನೆಯ ಎಸ್ ಅನ್ನೂ ದೊಡ್ಡದಾಗಿಸಿ ವಿಕಾರಗೊಳಿಸುತ್ತದೆ. ಖಾಲಿ ಜಾಗದ ಮುಂದಿನ ಅಕ್ಷರವನ್ನು ಮಾತ್ರ ದೊಡ್ಡದಾಗಿಸುವ ನಿಯಮವನ್ನು ಬರೆದರೆ ಶಾಲೆ ಉಳಿಯುತ್ತದೆ, ಡಿ'ಸೋಜ ಕೆಡುತ್ತದೆ. ಬೆಂಗಳೂರಿನ ವಿಳಾಸಗಳ ಪಾಡು ಇನ್ನೂ ಸೋಜಿಗದ್ದು. 'ಥರ್ಡ್ ಕ್ರಾಸ್' ಎಂಬುದನ್ನು ಅಂಕಿಯಲ್ಲಿ ಬರೆದಾಗ ಮೂರರ ಮುಂದಿನ ಆರ್ ದೊಡ್ಡದಾಗುತ್ತದೆ. ಎರಡನೆಯ ಹಂತವನ್ನು ಸೂಚಿಸುವ ಎರಡು ರೋಮನ್ ಅಂಕಿಗಳಲ್ಲಿ ಒಂದು ದೊಡ್ಡದಾಗಿ, ಮತ್ತೊಂದು ಸಣ್ಣದಾಗಿ ಅರ್ಥವಿಲ್ಲದ ಪದವಾಗುತ್ತವೆ. ಬಿಟಿಎಂ ಬಡಾವಣೆಯ ಮೂರು ಅಕ್ಷರಗಳಲ್ಲಿ ಕೊನೆಯೆರಡು ಸಣ್ಣದಾದರೆ ಅದು ಒಂದು ಸಂಕ್ಷೇಪವೆಂಬ ಸುಳಿವೇ ಅಳಿಯುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಆ ಮೂರು ದೊಡ್ಡಕ್ಷರಗಳಲ್ಲಿ ಉಳಿದುಕೊಂಡಿದ್ದವು.

ವ್ಯಕ್ತಿನಾಮಗಳಲ್ಲಿ ಸಂಕ್ಷೇಪಾಕ್ಷರಗಳು ವಹಿಸುವ ಪಾತ್ರ ಇದಕ್ಕಿಂತ ಮಹತ್ತ್ವದ್ದು. ದಕ್ಷಿಣ ಭಾರತದಲ್ಲಿ, ವಿಶೇಷವಾಗಿ ಹಳೆಯ ಮೈಸೂರು ಸೀಮೆಯಲ್ಲಿ, ಹೆಸರಿನ ಹಿಂದೆ ನಿಲ್ಲುವ ಒಂದೆರಡು ಅಕ್ಷರಗಳು ಊರನ್ನೂ ತಂದೆಯನ್ನೂ ಸೂಚಿಸುತ್ತವೆ. ಕೆ.ವಿ. ಪುಟ್ಟಪ್ಪ ಎಂಬಲ್ಲಿನ 'ಕೆ' ಕುಪ್ಪಳಿ, 'ವಿ' ವೆಂಕಟಪ್ಪ. ಧಾರವಾಡದ ಕಡೆ ಕ್ರಮ ಬೇರೆ: ಮೊದಲು ಸ್ವಂತ ಹೆಸರು, ಬಳಿಕ ತಂದೆಯ ಹೆಸರು, ಕೊನೆಯಲ್ಲಿ ಮನೆತನದ ಹೆಸರು. ಡಿ.ಆರ್. ಬೇಂದ್ರೆ ಎಂಬಲ್ಲಿನ 'ಡಿ' ದತ್ತಾತ್ರೇಯ, 'ಆರ್' ರಾಮಚಂದ್ರ. ಕೊಡಗಿನಲ್ಲಿ ಒಕ್ಕದ ಹೆಸರೇ ಮುಂದೆ ಬರುತ್ತದೆ. ಭಾರತೀಯ ಸೇನೆಯ ಮಹಾದಂಡನಾಯಕರಾಗಿದ್ದ ಕೆ.ಎಂ. ಕಾರ್ಯಪ್ಪನವರ 'ಕೆ' ಕೋದಂಡೇರ ಎಂಬ ಒಕ್ಕದ ಗುರುತು. ಮೊದಲ ಪದವನ್ನೇ ಸ್ವಂತ ಹೆಸರೆಂದು ಭಾವಿಸಿ 'ಪ್ರಿಯ' ಎಂಬುದರ ಮುಂದೆ ಅದನ್ನು ಕೂರಿಸುವ ತಂತ್ರಾಂಶ ಕೊಡವರ ಮನೆಗೆ ಬರೆಯುವ ಪತ್ರದಲ್ಲಿ ಇಡೀ ಒಕ್ಕವನ್ನು ಸಂಬೋಧಿಸುತ್ತದೆ. ಒಂದೇ ರಾಜ್ಯದೊಳಗೆ ಒಂದೇ ಬಗೆಯಾಗಿ ಕಾಣುವ ಎರಡು ಅಕ್ಷರಗಳು ಮೂರು ಬೇರೆ ಬೇರೆ ಸಂಬಂಧಗಳನ್ನು ಹೇಳುತ್ತವೆ ಎಂಬುದು ಗಮನಾರ್ಹ.

ಈಗ ಅರ್ಜಿಯ ಚೌಕಗಳಲ್ಲಿ ಚುಕ್ಕಿಗೆ ಸ್ಥಳವಿಲ್ಲದೆ ಬೇಂದ್ರೆಯವರ ಹೆಸರು ಡಿ, ಆರ್, ಖಾಲಿ ಜಾಗ, ಬೇಂದ್ರೆ ಎಂದು ದೊಡ್ಡಕ್ಷರಗಳಲ್ಲಿ ದಾಖಲಾಗಿದೆಯೆಂದು ಭಾವಿಸೋಣ. ಪದದ ಮೊದಲಕ್ಷರ ಮಾತ್ರ ದೊಡ್ಡದಾಗುವ ನಿಯಮವನ್ನು ಹಾಯಿಸಿದೊಡನೆ 'ಆರ್' ಸಣ್ಣದಾಗುತ್ತದೆ. ದೊಡ್ಡ ಡಿ, ಸಣ್ಣ ಆರ್ ಸೇರಿ 'ಡಾಕ್ಟರ್' ಆಗುತ್ತದೆ. ದತ್ತಾತ್ರೇಯನೂ ಇಲ್ಲ, ರಾಮಚಂದ್ರನೂ ಇಲ್ಲ, ಉಳಿದುದು ಡಾ. ಬೇಂದ್ರೆ. ಓದುವವರಿಗೆ ಇದರಲ್ಲಿ ತಪ್ಪು ಕಾಣಿಸುವುದೇ ಇಲ್ಲ, ಏಕೆಂದರೆ ಬಂದ ರೂಪವೂ ಗೌರವದ್ದೇ. ಎಂ.ಎಸ್. ಸುಬ್ಬುಲಕ್ಷ್ಮಿಯವರ ಹೆಸರಿಗೆ ಒದಗುವುದು ಇನ್ನೂ ಸೂಕ್ಷ್ಮವಾದ ಹಾನಿ. ಅವರ 'ಎಂ' ಮದುರೈ. 'ಎಸ್' ಷಣ್ಮುಖವಡಿವು, ಅಂದರೆ ವೀಣಾವಾದಕಿಯಾಗಿದ್ದ ಅವರ ತಾಯಿ. ಚುಕ್ಕಿಯಿಲ್ಲದ ಈ ಎರಡು ಅಕ್ಷರಗಳು ಅದೇ ನಿಯಮದಲ್ಲಿ ಯಾವ ಹೆಂಗಸಿಗಾದರೂ ಇಂಗ್ಲಿಷಿನಲ್ಲಿ ಹಚ್ಚಬಹುದಾದ 'ಮಿಸ್' ಎಂಬ ಸಂಬೋಧನೆಯಾಗಿ ಮಾರ್ಪಡುತ್ತವೆ. ತಾಯಿಯ ಹೆಸರನ್ನು ಹೊತ್ತಿದ್ದ ಅಕ್ಷರ ಮಾಯವಾದುದು ಯಾರ ಗಮನಕ್ಕೂ ಬಾರದು. ಅಂಬಿಕಾತನಯದತ್ತನೆಂದು ತಾಯಿಯ ಹೆಸರನ್ನೇ ಕಾವ್ಯನಾಮಕ್ಕೆ ತಂದುಕೊಂಡ ಕವಿಯ ಹೆಸರಿನ ಜೊತೆಗೆ ಈ ಉದಾಹರಣೆ ಕೂಡಿ ಬಂದುದು ಕಾಕತಾಳೀಯ.

ಜನಪದರ ಹೆಸರುಗಳಲ್ಲಿ ಸಂಕ್ಷೇಪಾಕ್ಷರಗಳಿಗಿಂತ ಉಚ್ಚಾರದ ಸೂಕ್ಷ್ಮಗಳು ಮುಖ್ಯ. ಮನೆದೇವರ ಹೆಸರು, ಹರಕೆಯ ಹೆಸರು, ಹುಟ್ಟಿದ ಮಕ್ಕಳು ಉಳಿಯದಿದ್ದಾಗ ದೃಷ್ಟಿ ತಾಗದಿರಲೆಂದು ಇಡುವ ತಿಪ್ಪಯ್ಯ, ತಿಪ್ಪಮ್ಮ, ಗುಂಡಪ್ಪ, ಕಲ್ಲಪ್ಪ ಮೊದಲಾದ ಹೆಸರುಗಳಿಗೆ ಒಂದೊಂದು ಕಥನದ ಹಿನ್ನೆಲೆಯಿರುತ್ತದೆ. ಇವನ್ನು ಗಣಕಕ್ಕೆ ಊಡುವಾಗ ಅನೇಕರು ಇಂಗ್ಲಿಷ್ ಕೀಲಿಗಳ ಮೂಲಕ ಕನ್ನಡ ಬರೆಯುವ ಲಿಪ್ಯಂತರ ಕ್ರಮವನ್ನು ಅವಲಂಬಿಸುತ್ತಾರೆ. 'ಬರಹ' ತಂತ್ರಾಂಶದಿಂದ ಬಳಕೆಗೆ ಬಂದ ಇಂಥ ಕ್ರಮದಲ್ಲಿ ದೊಡ್ಡಕ್ಷರ, ಸಣ್ಣಕ್ಷರಗಳು ಎರಡು ಬೇರೆ ಕನ್ನಡ ಅಕ್ಷರಗಳು: ಸಣ್ಣ ಟಿ 'ತ', ದೊಡ್ಡದು 'ಟ'; ಸಣ್ಣ ಡಿ 'ದ', ದೊಡ್ಡದು 'ಡ'; ಸಣ್ಣ ಎಲ್ 'ಲ', ದೊಡ್ಡದು 'ಳ'; ಸಣ್ಣ ಎನ್ 'ನ', ದೊಡ್ಡದು 'ಣ'. ಕನ್ನಡಕ್ಕೆ ತಿರುಗಿಸುವ ಮೊದಲು ಇಂಥ ಕಡತದ ಮೇಲೆ ಅಕ್ಷರರೂಪದ ನಿಯಮ ಹಾಯ್ದರೆ ತಿಮ್ಮಯ್ಯನು ಟಿಮ್ಮಯ್ಯನಾಗುತ್ತಾನೆ, ದೇವಮ್ಮ ಡೆವಮ್ಮನಾಗುತ್ತಾಳೆ. ಎಲ್ಲವನ್ನೂ ಸಣ್ಣದಾಗಿಸಿದರೆ ಊರಿನ ಹೆಸರಿನ ಕೊನೆಯ ಹಳ್ಳಿ ಹಲ್ಲಿಯಾಗುತ್ತದೆ. ಇದರ ವಿರುದ್ಧ ದಿಕ್ಕಿನ ಅಪಾಯವೂ ಇದೆ. ಕಲ್ಲಪ್ಪನ ಹೆಸರು ದೊಡ್ಡಕ್ಷರದ ಇಂಗ್ಲಿಷಿನಲ್ಲಿ ಮಾತ್ರ ಉಳಿದು, ಅದರಿಂದ ಕನ್ನಡ ರೂಪವನ್ನು ಯಂತ್ರವೇ ಊಹಿಸಬೇಕಾದಾಗ 'ಲ್ಲ', 'ಳ್ಳ'ಗಳಲ್ಲಿ ಯಾವುದನ್ನು ಆರಿಸಬೇಕೆಂಬುದಕ್ಕೆ ಅಲ್ಲಿ ಆಧಾರವೇ ಇರುವುದಿಲ್ಲ. ಕಲ್ಲಿನಂತೆ ಗಟ್ಟಿಯಾಗಿ ಬದುಕಲೆಂದು ಹೆತ್ತವರು ಇಟ್ಟ ಹೆಸರು ಕಳ್ಳನ ಹೆಸರಾಗಿ ಅಚ್ಚಾಗುವ ಸಾಧ್ಯತೆ ಹೀಗೆ ಹುಟ್ಟುತ್ತದೆ.

ಇದಕ್ಕಿಂತ ವಿಚಿತ್ರವಾದ ಪ್ರಸಂಗ ಹಳೆಯ ಕನ್ನಡ ಅಕ್ಷರಶೈಲಿಗಳದು. ಯೂನಿಕೋಡ್ ವ್ಯಾಪಕವಾಗುವ ಮುನ್ನ ನುಡಿ, ಬರಹ ಮೊದಲಾದ ತಂತ್ರಾಂಶಗಳ ಅಕ್ಷರಶೈಲಿಗಳು ಕನ್ನಡದ ತುಣುಕುಗಳನ್ನು ರೋಮನ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕೂರಿಸಿದ್ದವು. ತೆರೆಯ ಮೇಲೆ ಕಾಣುವುದು ಕನ್ನಡವಾದರೂ ಗಣಕದ ಸ್ಮೃತಿಯಲ್ಲಿ ಇರುವುದು ರೋಮನ್ ಅಕ್ಷರಗಳು ಮತ್ತು ಯುರೋಪಿನ ಭಾಷೆಗಳ ಚಿಹ್ನೆಸಹಿತ ಅಕ್ಷರಗಳು. ಮುದ್ರಣಾಲಯಗಳಲ್ಲಿಯೂ ಸಂಶೋಧಕರ ಕಪಾಟುಗಳಲ್ಲಿಯೂ ಇಂಥ ಕಡತಗಳು ಇಂದಿಗೂ ಹೇರಳವಾಗಿವೆ. ನುಡಿಯ ಸಂಕೇತಕ್ರಮದಲ್ಲಿ 'ದ' ಅಕ್ಷರದ ಸ್ಥಾನ ಸಣ್ಣ ಝಡ್, 'ಚ' ಅಕ್ಷರದ್ದು ದೊಡ್ಡ ಝಡ್. 'ಜ' ಸಣ್ಣ ಡಿ, 'ಆ' ದೊಡ್ಡ ಡಿ. ಕೋಷ್ಟಕದ ಎಲ್ಲ ಕಂಬಸಾಲುಗಳಿಗೂ ಒಟ್ಟಾಗಿ ದೊಡ್ಡಕ್ಷರದ ನಿಯಮವನ್ನು ಅನ್ವಯಿಸಿದರೆ ಇಂಗ್ಲಿಷ್ ಹೆಸರಿನ ಜೊತೆಗೆ ಪಕ್ಕದ ಕನ್ನಡ ಹೆಸರೂ ಅದಕ್ಕೆ ಸಿಕ್ಕುತ್ತದೆ. ಆಗ 'ದಾಸ' 'ಚಾಸ'ನಾಗುತ್ತಾನೆ, 'ದೇವ' 'ಚೇವ'ನಾಗುತ್ತಾನೆ.

ಒತ್ತಕ್ಷರಗಳ ಗತಿಯನ್ನು ಸ್ವಲ್ಪ ವಿವರವಾಗಿ ನೋಡಬೇಕು. ಇದೇ ಸಂಕೇತಕ್ರಮದಲ್ಲಿ ವ್ಯಂಜನದ ತಲೆಕಟ್ಟು ಫ್ರೆಂಚ್ ಮೊದಲಾದ ಭಾಷೆಗಳಲ್ಲಿ ಬರುವ, ಮೇಲೆ ಓರೆಗೀಟಿರುವ ದೊಡ್ಡ 'ಎ' ಅಕ್ಷರದ ಸ್ಥಾನದಲ್ಲಿದೆ. 'ಪ' ಅಕ್ಷರದ ಒತ್ತು ಅದೇ ಅಕ್ಷರದ ಸಣ್ಣ ರೂಪದ ಸ್ಥಾನದಲ್ಲಿದೆ. 'ಮ' ಅಕ್ಷರದ ಒತ್ತು ಮೇಲೆ ಎರಡು ಚುಕ್ಕಿಗಳಿರುವ ಸಣ್ಣ 'ಎ'. ಚಿಹ್ನೆಸಹಿತ ಅಕ್ಷರಗಳನ್ನೂ ಪರಿವರ್ತಿಸಬಲ್ಲ ತಂತ್ರಾಂಶಕ್ಕೆ ಇಂಥ ಪಠ್ಯವನ್ನು ಒಪ್ಪಿಸಿದರೆ 'ಅಪ್ಪ' ಎಂಬಲ್ಲಿನ ಒತ್ತು ಕಳಚಿ ಹೆಚ್ಚುವರಿ ತಲೆಕಟ್ಟಾಗುತ್ತದೆ. 'ಅಮ್ಮ' ಎಂಬಲ್ಲಿನ ಒತ್ತು ಕೂಡ ಹಾಗೆಯೇ ಬೇರೊಂದು ಗೀಟಾಗುತ್ತದೆ. ನಾಡಿನ ಹಳ್ಳಿಗಳಲ್ಲಿ ಅಪ್ಪ, ಅಮ್ಮಗಳಿಂದ ಕೊನೆಗೊಳ್ಳುವ ಹೆಸರುಗಳು ಎಷ್ಟೆಂಬುದನ್ನು ನೆನೆದರೆ ಹಾನಿಯ ವ್ಯಾಪ್ತಿ ತಿಳಿಯುತ್ತದೆ. 'ಕನ್ನಡ' ಎಂಬ ಪದವೇ ಇದಕ್ಕೆ ಹೊರತಲ್ಲ. ಅದರ ನಡುವಿನ 'ನ' ಒತ್ತು ನೆಲೆಸಿರುವುದು ಜರ್ಮನ್ ಭಾಷೆಯ 'ಎಸ್‌ತ್ಸೆಟ್' ಎಂಬ ಅಕ್ಷರದ ಸ್ಥಾನದಲ್ಲಿ. ಆ ಅಕ್ಷರಕ್ಕೆ ಬಹುಕಾಲ ದೊಡ್ಡ ರೂಪವೇ ಇರಲಿಲ್ಲ; ದೊಡ್ಡಕ್ಷರದಲ್ಲಿ ಬರೆಯುವಾಗ ಅದರ ಬದಲು ಎರಡು ಎಸ್ ಬರೆಯುವುದು ಜರ್ಮನರ ರೂಢಿ. ಯೂನಿಕೋಡ್‌ನಲ್ಲಿ 2008ರಲ್ಲಿ ದೊಡ್ಡ ರೂಪವೊಂದು ಸೇರಿ, ಜರ್ಮನ್ ಕಾಗುಣಿತದ ಅಧಿಕೃತ ನಿಯಮಗಳಲ್ಲಿ 2017ರಲ್ಲಿ ಅದಕ್ಕೆ ಮನ್ನಣೆ ದೊರೆತರೂ ತಂತ್ರಾಂಶಗಳ ಸಾಮಾನ್ಯ ನಿಯಮ ಇಂದಿಗೂ ಎರಡು ಎಸ್ ಎಂದೇ ಇದೆ. ಹೀಗಾಗಿ ಆ ನಿಯಮ ಹಾಯ್ದ ಹಳೆಯ ಕಡತದಲ್ಲಿ 'ಕನ್ನಡ' ಪದದ ಒತ್ತು ಹೋಗಿ, ಸಂಬಂಧವಿಲ್ಲದ ಎರಡು ತುಣುಕುಗಳು ಅಲ್ಲಿ ಬಂದು ಕೂರುತ್ತವೆ. ಜರ್ಮನ್ ಕಾಗುಣಿತದ ಒಂದು ರೂಢಿ ಕನ್ನಡದ ಒತ್ತಕ್ಷರವೊಂದನ್ನು ಹೀಗೆ ಒಡೆಯುವುದೆಂದು ಯಾರು ತಾನೆ ಊಹಿಸಿಯಾರು?

ಯೂನಿಕೋಡ್ ಕನ್ನಡದಲ್ಲಿ ಈ ತೊಂದರೆಯಿಲ್ಲ. ಕನ್ನಡದ ಅಕ್ಷರಗಳಿಗೆ ಅಲ್ಲಿ ಸ್ವಂತ ಸ್ಥಾನಗಳಿವೆ, ದೊಡ್ಡದು ಸಣ್ಣದೆಂಬ ಭೇದವಿಲ್ಲವಾದ್ದರಿಂದ ಪರಿವರ್ತನೆಯ ನಿಯಮ ಅವನ್ನು ಮುಟ್ಟದೆ ಬಿಡುತ್ತದೆ. ಆದರೆ 'ಮೊದಲಕ್ಷರ' ಎಂಬ ಕಲ್ಪನೆಯ ಸಮಸ್ಯೆ ಇಲ್ಲಿಯೂ ಉಳಿಯುತ್ತದೆ. ಹೆಸರಿನ ಮೊದಲಕ್ಷರವನ್ನು ತೆಗೆದು ಸಂಕ್ಷೇಪ ಮಾಡುವ ನಿಯಮಗಳು ಸಾಮಾನ್ಯವಾಗಿ ಒಂದು ಸಂಕೇತವನ್ನು ಒಂದು ಅಕ್ಷರವೆಂದೇ ಎಣಿಸುತ್ತವೆ. ಯೂನಿಕೋಡ್‌ನಲ್ಲಿ 'ತೀ' ಎರಡು ಸಂಕೇತ, 'ನಂ' ಎರಡು, 'ಶ್ರೀ' ನಾಲ್ಕು. ತೀರ್ಥಪುರ ನಂಜುಂಡಯ್ಯ ಶ್ರೀಕಂಠಯ್ಯ ಎಂಬ ಹೆಸರಿನಿಂದ ಕನ್ನಡ ಲೋಕ ಪಡೆದ ಸಂಕ್ಷೇಪ ತೀ.ನಂ.ಶ್ರೀ.; ಯಂತ್ರ ಪಡೆಯುವುದು ತ.ನ.ಶ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪನವರು ಅದರ ಕೈಯಲ್ಲಿ 'ಕವಪ' ಆಗುತ್ತಾರೆ. ಜಾನಪದ ಅಧ್ಯಯನಕ್ಕೆ ವಿಶ್ವವಿದ್ಯಾಲಯದಲ್ಲಿ ನೆಲೆ ದೊರಕಿಸಲು ದುಡಿದ ಹಾರೋಗದ್ದೆ ಮಾನಪ್ಪ ನಾಯಕರ ಹಾ.ಮಾ. ಎಂಬ ದೀರ್ಘಗಳೆರಡೂ ಹ್ರಸ್ವಗಳಾಗುತ್ತವೆ. ಕನ್ನಡಿಗರು ಸಂಕ್ಷೇಪದಲ್ಲಿಯೂ ಉಚ್ಚಾರದ ಘಟಕವನ್ನೇ ಹಿಡಿಯುತ್ತಾರೆ, ಗುಣಿತಚಿಹ್ನೆಯನ್ನು ಬಿಟ್ಟ ಅಕ್ಷರ ಅವರ ಕಿವಿಗೆ ಅಕ್ಷರವೇ ಅಲ್ಲ.

ಪರಿಹಾರದ ದೃಷ್ಟಿಯಿಂದ ತಿಳಿದಿರಬೇಕಾದ ವಿಷಯವೊಂದಿದೆ. ಅಕ್ಷರರೂಪವನ್ನು ಬದಲಿಸುವುದರಲ್ಲಿ ಎರಡು ಬಗೆಯುಂಟು. ಇನ್‌ಡಿಸೈನ್ ತಂತ್ರಾಂಶದಲ್ಲಿ 'ಆಲ್ ಕ್ಯಾಪ್ಸ್' ಎಂಬ ಅಲಂಕಾರವನ್ನು ಹಚ್ಚಿದರೆ ಪಠ್ಯ ದೊಡ್ಡಕ್ಷರದಲ್ಲಿ ಕಾಣುತ್ತದೆ, ಮೂಲ ಹಾಗೆಯೇ ಉಳಿದಿರುತ್ತದೆ; ಅಲಂಕಾರವನ್ನು ತೆಗೆದರೆ ಮೊದಲಿನ ರೂಪ ಮರಳುತ್ತದೆ. ಅದೇ ತಂತ್ರಾಂಶದ 'ಚೇಂಜ್ ಕೇಸ್' ಆಜ್ಞೆ ಪಠ್ಯವನ್ನೇ ಬದಲಿಸುತ್ತದೆ. ಎಕ್ಸೆಲ್ ಸೂತ್ರದ ಫಲಿತವನ್ನು ಮೂಲ ಕಂಬಸಾಲಿನ ಮೇಲೆಯೇ ಅಂಟಿಸಿ ಉಳಿಸಿದರೆ ಹಿಂದಿನ ರೂಪ ಶಾಶ್ವತವಾಗಿ ಹೋಗುತ್ತದೆ. ಗ್ರಂಥಾಲಯದ ಸೂಚಿಯಲ್ಲಾಗಲಿ, ಕಲಾವಿದರ ಪಟ್ಟಿಯಲ್ಲಾಗಲಿ, ವ್ಯಕ್ತಿ ತಾನೇ ಬರೆದುಕೊಟ್ಟ ಅಥವ ಹೇಳಿ ಬರೆಸಿದ ರೂಪಕ್ಕೆ ಪ್ರತ್ಯೇಕ ಕಂಬಸಾಲೊಂದನ್ನು ಮೀಸಲಿಟ್ಟು, ಯಾವ ನಿಯಮವೂ ಅದನ್ನು ಮುಟ್ಟದಂತೆ ನೋಡಿಕೊಳ್ಳುವುದು ಸಾಧ್ಯ. ಮುದ್ರಣಕ್ಕೆ ಬೇಕಾದ ರೂಪವನ್ನು ಅದರ ಪಕ್ಕದಲ್ಲಿ ಸಿದ್ಧಪಡಿಸಿದರಾಯಿತು. ಕನ್ನಡದ ಹೆಸರನ್ನು ಇಂಗ್ಲಿಷಿನಿಂದ ಪಡೆಯದೆ ಕನ್ನಡದಲ್ಲಿಯೇ ಬರೆಸಿಕೊಳ್ಳುವುದು, ಸಂಕ್ಷೇಪಾಕ್ಷರಗಳ ನಡುವೆ ಚುಕ್ಕಿಯನ್ನು ದಾಖಲೆಯ ಹಂತದಲ್ಲಿಯೇ ಕಡ್ಡಾಯಗೊಳಿಸುವುದು, ಹಳೆಯ ಕಡತಗಳನ್ನು ಮೊದಲು ಯೂನಿಕೋಡ್‌ಗೆ ತಿರುಗಿಸಿ ಆಮೇಲೆ ಮಾತ್ರ ಮುದ್ರಣ ತಂತ್ರಾಂಶಕ್ಕೆ ಒಪ್ಪಿಸುವುದು ಇವೆಲ್ಲ ಖರ್ಚಿಲ್ಲದ ಎಚ್ಚರಗಳು. ಅಪವಾದಗಳ ಪಟ್ಟಿಯೊಂದನ್ನು ತಂತ್ರಾಂಶಕ್ಕೆ ಕೊಡುವ ರೂಢಿಯೂ ಇದೆ. ಹೆಸರುಗಳ ವೈವಿಧ್ಯದ ಮುಂದೆ ಅಂಥ ಪಟ್ಟಿ ಎಂದಿಗೂ ಪೂರ್ತಿಯಾಗದು.

ಕರಡು ತಿದ್ದುವ ಕ್ರಮವೂ ಬದಲಾಗಬೇಕಾಗಿದೆ. ಮೊಳೆ ಜೋಡಿಸುವ ಕಾಲದಲ್ಲಿ ಒಂದು ತಪ್ಪು ಉಳಿದರೆ ಅದು ಎಲ್ಲ ಪ್ರತಿಗಳಲ್ಲಿಯೂ ಇರುತ್ತಿತ್ತು. ನೂರು ಜನರಲ್ಲಿ ಒಬ್ಬರಾದರೂ ಅದನ್ನು ಕಂಡು ಹೇಳುತ್ತಿದ್ದರು, ಮುಂದಿನ ಮುದ್ರಣದಲ್ಲಿ ತಿದ್ದುಪಡಿಯಾಗುತ್ತಿತ್ತು. ಬದಲಾಗುವ ದತ್ತಾಂಶದ ಮುದ್ರಣದಲ್ಲಿ ಒಪ್ಪಿಗೆಗೆ ಬರುವುದು ಮೊದಲ ನಾಲ್ಕಾರು ಹಾಳೆಗಳ ಮಾದರಿ. ನಿಯಮಕ್ಕೆ ಒಗ್ಗದ ಹೆಸರು ನಾನೂರನೆಯ ಹಾಳೆಯಲ್ಲಿದ್ದರೆ ಅದನ್ನು ಯಾರೂ ನೋಡಿರುವುದಿಲ್ಲ. ಆ ಹಾಳೆಯ ಪ್ರತಿಯಿರುವುದು ಒಂದೇ, ಅದು ತಲುಪುವುದು ಆ ಹೆಸರಿನವರಿಗೆ ಮಾತ್ರ. ಓದು ಬಾರದ ಹಾಡುಗಾರ್ತಿಯೊಬ್ಬರಿಗೆ ಸಂದ ಪ್ರಶಸ್ತಿಪತ್ರವಾದರೆ ಅದು ಕಟ್ಟು ಹಾಕಿಸಿಕೊಂಡು ಮನೆಯ ಗೋಡೆಯ ಮೇಲೆ ವರ್ಷಗಟ್ಟಲೆ ಇರಬಹುದು. ಶಾಲೆಗೆ ಹೋಗುವ ಮೊಮ್ಮಗಳು ಓದಿ ಹೇಳುವ ತನಕ ತಪ್ಪು ತಿಳಿಯುವುದಿಲ್ಲ. ಆದ್ದರಿಂದ ಅಚ್ಚಿಗೆ ಕಳುಹಿಸುವ ಮೊದಲು ಪರಿವರ್ತನೆಗೆ ಹಿಂದಿನ ಮತ್ತು ಮುಂದಿನ ರೂಪಗಳನ್ನು ಅಕ್ಕಪಕ್ಕದಲ್ಲಿಟ್ಟು, ಭಿನ್ನವಾದ ಸಾಲುಗಳನ್ನಷ್ಟೇ ಬೇರ್ಪಡಿಸಿ, ಆ ಸೀಮೆಯ ಹೆಸರುಗಳನ್ನು ಬಲ್ಲವರೊಬ್ಬರಿಂದ ಗಟ್ಟಿಯಾಗಿ ಓದಿಸುವುದು ಒಳ್ಳೆಯದು. ಸಾವಿರ ಹೆಸರುಗಳಿಗೆ ಒಂದು ಮಧ್ಯಾಹ್ನ ಸಾಕಾಗುತ್ತದೆ.